ವ್ಯಾಯಾಮದ ಆ್ಯಪ್‌ಗಳು: ಸ್ಟಾರ್‌ಗಳನ್ನು ಎಷ್ಟು ನಂಬಬಹುದು?

ಪ್ರಶ್ನೆ: ನಡಿಗೆ, ಓಟ, ವ್ಯಾಯಾಮದ ಅಭ್ಯಾಸ ಬೆಳೆಸುತ್ತೇವೆ ಎನ್ನುವ ಆ್ಯಪ್‌ಗಳು ಲೆಕ್ಕವಿಲ್ಲದಷ್ಟಿವೆ, ಬಹುಪಾಲು ಎಲ್ಲಕ್ಕೂ ನಾಲ್ಕು ಸ್ಟಾರ್‌ಗಿಂತ ಮೇಲೆಯೇ ಅಂಕವಿದೆ. ಅವುಗಳ ಗುಣಮಟ್ಟವನ್ನು ಅಳೆಯಲು ಬೇರೆ ಮಾನದಂಡವೇನಾದರೂ ಇದೆಯೇ?

ಉತ್ತರ: ಇದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ತಂತ್ರಜ್ಞಾನ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ 'ಮೊಬೈಲ್ ಆ್ಯಪ್ ರೇಟಿಂಗ್ ಸ್ಕೇಲ್', ಅಂದರೆ 'ಮಾರ್ಸ್', ಆರೋಗ್ಯದ ಆ್ಯಪ್‌ಗಳನ್ನು ಪರಿಶೀಲಿಸುವವರು ಹೆಚ್ಚಾಗಿ ಬಳಸುವ ಮಾಪಕ. ಅದರಲ್ಲಿ 23 ಪ್ರಶ್ನೆಗಳಿದ್ದು, ಪ್ರತಿಯೊಂದಕ್ಕೂ ಒಂದರಿಂದ ಐದರವರೆಗೆ ಅಂಕ ಕೊಡಬೇಕು. ಇವುಗಳಲ್ಲಿ 19 ಪ್ರಶ್ನೆಗಳು ಆಸಕ್ತಿ ಹಿಡಿದಿಡುವ ಗುಣ, ಕಾರ್ಯನಿರ್ವಹಣೆ, ವಿನ್ಯಾಸದ ಅಂದ ಮತ್ತು ಮಾಹಿತಿಯ ಗುಣಮಟ್ಟ ಎಂಬ ನಾಲ್ಕು ಭಾಗಗಳಿಗೆ ಸೇರಿದವು. ಉಳಿದ ನಾಲ್ಕು ಪರಿಶೀಲಕರ ಸ್ವಂತ ಅಭಿಪ್ರಾಯವನ್ನು ಕೇಳುತ್ತವೆ. ತಜ್ಞರಲ್ಲದವರೂ ಬಳಸಬಹುದಾದ ಸರಳ ರೂಪವೊಂದು ಮರುವರ್ಷವೇ ಬಂದಿತು.

ಮೊದಲ ಮೂರು ಭಾಗಗಳನ್ನು ಅಳೆಯಲು ಆ್ಯಪ್ ತೆರೆದು ಸ್ವಲ್ಪ ಹೊತ್ತು ಬಳಸಿ ನೋಡಿದರೆ ಸಾಕು, ಸ್ಟಾರ್ ಕೊಡುವವರು ನೋಡುವುದೂ ಹೆಚ್ಚಾಗಿ ಅಷ್ಟನ್ನೇ. ನಾಲ್ಕನೆಯದು ಶ್ರಮ ಬೇಡುತ್ತದೆ: ಆ್ಯಪ್ ರೂಪಿಸಿದವರು ಯಾರು, ಸಲಹೆಗಳಿಗೆ ಆಧಾರವೇನು, ಅದರ ಪರಿಣಾಮವನ್ನು ಯಾರಾದರೂ ಪ್ರಯೋಗದಿಂದ ಪರೀಕ್ಷಿಸಿದ್ದಾರೆಯೇ? ಒಟ್ಟು ಸರಾಸರಿಗೆ ಬೆಲೆ ಕೊಡುವ ಮೊದಲು ಈ ಭಾಗದ ಅಂಕವನ್ನು ಪ್ರತ್ಯೇಕವಾಗಿ ನೋಡಬೇಕೆಂಬುದು ನನ್ನ ಅಭಿಪ್ರಾಯ. ಏಕೆಂದರೆ ನೋಡಲು ಸೊಗಸಾಗಿದ್ದು, ತಡವರಿಸದೆ ಕೆಲಸ ಮಾಡುತ್ತಾ, ತಪ್ಪು ಸಲಹೆ ನೀಡುವ ಆ್ಯಪ್ ಕೂಡ ಸರಾಸರಿಯಲ್ಲಿ ಸುಲಭವಾಗಿ ಪಾಸಾಗುತ್ತದೆ.

ಮಾಹಿತಿಯನ್ನು ನೀವೇ ಪರೀಕ್ಷಿಸಲು ಒಂದು ದಾರಿಯಿದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆ ಅಥವಾ 75ರಿಂದ 150 ನಿಮಿಷಗಳ ತೀವ್ರ ಚಟುವಟಿಕೆ ಬೇಕು. ಜೊತೆಗೆ ವಾರದಲ್ಲಿ ಕನಿಷ್ಠ ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವೂ ಇರಬೇಕು. ಹತ್ತು ನಿಮಿಷಕ್ಕಿಂತ ಕಡಿಮೆಯ ಚಟುವಟಿಕೆ ಲೆಕ್ಕಕ್ಕಿಲ್ಲ ಎಂಬ ಹಳೆಯ ನಿಯಮವನ್ನು ಆ ಮಾರ್ಗಸೂಚಿ ಕೈಬಿಟ್ಟಿದೆ. ನಿಮ್ಮ ಏಳು ನಿಮಿಷದ ಚುರುಕು ನಡಿಗೆಯನ್ನು ಆ್ಯಪ್ ಈಗಲೂ ಕಡೆಗಣಿಸುತ್ತಿದ್ದರೆ, ಅಥವಾ ಸ್ನಾಯು ವ್ಯಾಯಾಮದ ಸೊಲ್ಲೇ ಎತ್ತದಿದ್ದರೆ, ಅದರ ಮಾಹಿತಿ ಹಳೆಯದು ಇಲ್ಲವೇ ಅರೆಬರೆ ಎಂದು ತಿಳಿಯಬಹುದು.

ಪ್ರಶ್ನೆ: ನನ್ನ ಆ್ಯಪ್ ದಿನಕ್ಕೆ ಹತ್ತು ಸಾವಿರ ಹೆಜ್ಜೆಗಳ ಗುರಿ ನೀಡಿದೆ. ಅಷ್ಟು ನಡೆಯದಿದ್ದರೆ ಪ್ರಯೋಜನವಿಲ್ಲವೇ?

ಉತ್ತರ: ಖಂಡಿತ ಇದೆ. ಆ ಸಂಖ್ಯೆ ಜನಪ್ರಿಯವಾದದ್ದು 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನವೊಂದರಿಂದ. ಅಮೆರಿಕದ ವೃದ್ಧ ಮಹಿಳೆಯರನ್ನು ಕುರಿತು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 4,400 ಹೆಜ್ಜೆ ನಡೆಯುವವರಲ್ಲಿ ಸಾವಿನ ಪ್ರಮಾಣ 2,700 ಹೆಜ್ಜೆ ನಡೆಯುವವರಿಗಿಂತ ಗಮನಾರ್ಹವಾಗಿ ಕಡಿಮೆಯಿತ್ತು. 7,500ರ ಆಸುಪಾಸಿನ ನಂತರ ಹೆಚ್ಚುವರಿ ಲಾಭ ಕಾಣಲಿಲ್ಲ. ನಿಮ್ಮ ಈಗಿನ ಮಟ್ಟವನ್ನು ಮೊದಲು ಗಮನಿಸಿ, ಅಲ್ಲಿಂದ ಗುರಿಯನ್ನು ಮೆಲ್ಲನೆ ಏರಿಸುವ ಆ್ಯಪ್ ಆರಿಸಿಕೊಳ್ಳಿ.

ಪ್ರಶ್ನೆ: ಗುಣಮಟ್ಟದ ಅಂಕ ಚೆನ್ನಾಗಿದ್ದರೆ ನಾನು ಹೆಚ್ಚು ನಡೆಯುತ್ತೇನೆಂದು ಖಾತ್ರಿಯೇ?

ಉತ್ತರ: ಇಲ್ಲ, ಗುಣಮಟ್ಟ ಬೇರೆ, ಪರಿಣಾಮ ಬೇರೆ. ವರ್ತನೆಯನ್ನು ಬದಲಿಸುವ 93 ತಂತ್ರಗಳನ್ನು ಸಂಶೋಧಕರು 2013ರಲ್ಲಿ ಪಟ್ಟಿಮಾಡಿದ್ದಾರೆ. ಆ್ಯಪ್‌ಗಳಲ್ಲಿ ಸಾಮಾನ್ಯವಾಗಿ ಕಾಣುವುದು ಗುರಿ ನಿಗದಿ, ದಾಖಲೆ ಇಡುವುದು, ನೆನಪೋಲೆ, ಶಹಬ್ಬಾಸ್‌ಗಿರಿ ಇಂಥ ಕೆಲವೇ. ಮಳೆ ಬಂದರೆ, ಕೆಲಸ ಹೆಚ್ಚಾದರೆ ಏನು ಮಾಡುತ್ತೀರಿ ಎಂದು ಮೊದಲೇ ಯೋಚಿಸಲು ಹಚ್ಚುವ ಆ್ಯಪ್ ಸಿಕ್ಕರೆ ಅದಕ್ಕೆ ನಾನು ಹೆಚ್ಚು ಅಂಕ ಕೊಡುತ್ತೇನೆ. ಒಂದು ದಿನ ತಪ್ಪಿದ ಮಾತ್ರಕ್ಕೆ ತಿಂಗಳ ಸಾಧನೆಯನ್ನೆಲ್ಲ ಸೊನ್ನೆಗಿಳಿಸುವ ಆ್ಯಪ್, ಪ್ರೋತ್ಸಾಹದ ಹೆಸರಿನಲ್ಲಿ ಶಿಕ್ಷೆಯನ್ನೇ ಕೊಡುತ್ತದೆ.

ಆರಂಭದ ಹುರುಪನ್ನು ಪರಿಣಾಮವೆಂದು ಭಾವಿಸಬಾರದು. 2016ರಲ್ಲಿ, ಫೋನ್ ಹಿಡಿದು ಹೊರಗೆ ನಡೆದಾಡುತ್ತಾ ಆಡುವ 'ಪೋಕೆಮಾನ್ ಗೋ' ಆಟ ಬಂದಾಗ ನಡೆದ ಅಧ್ಯಯನವೊಂದರಲ್ಲಿ, ಮೊದಲ ವಾರ ಆಟಗಾರರ ನಡಿಗೆ ದಿನಕ್ಕೆ ಸರಾಸರಿ 955 ಹೆಜ್ಜೆಗಳಷ್ಟು ಹೆಚ್ಚಿತ್ತು. ಆರನೆಯ ವಾರದ ಹೊತ್ತಿಗೆ ಅದು ಮೊದಲಿದ್ದಲ್ಲಿಗೇ ಮರಳಿತ್ತು. ಆದ್ದರಿಂದ ಯಾವುದೇ ಆ್ಯಪ್ ಬಗ್ಗೆ ತೀರ್ಪು ಕೊಡಲು ಎರಡು ತಿಂಗಳಾದರೂ ಕಾಯಿರಿ. ವರ್ಷದ ಚಂದಾ ಕಟ್ಟುವ ನಿರ್ಧಾರವನ್ನೂ ಅಲ್ಲಿಯವರೆಗೆ ಮುಂದೂಡುವುದು ಲೇಸು.

ಪ್ರಶ್ನೆ: ಆ್ಯಪ್ ತೋರಿಸುವ ಕ್ಯಾಲೊರಿ ಲೆಕ್ಕ ಸರಿಯೇ?

ಉತ್ತರ: ಅದನ್ನು ನಂಬಿ ಊಟದ ಪ್ರಮಾಣವನ್ನು ನಿರ್ಧರಿಸಬೇಡಿ. ಸ್ಟ್ಯಾನ್‌ಫರ್ಡ್ ಸಂಶೋಧಕರು 2017ರಲ್ಲಿ ಮಣಿಕಟ್ಟಿನ ಏಳು ಸಾಧನಗಳನ್ನು ಪರೀಕ್ಷಿಸಿದಾಗ, ಹೃದಯ ಬಡಿತದ ಲೆಕ್ಕ ಬಹುಮಟ್ಟಿಗೆ ಸರಿಯಿತ್ತು. ಕ್ಯಾಲೊರಿ ಲೆಕ್ಕದಲ್ಲಿ ಮಾತ್ರ ಅತ್ಯುತ್ತಮ ಸಾಧನವೂ ಶೇ. 27ರಷ್ಟು ತಪ್ಪಿತ್ತು. ಜೇಬಿನಲ್ಲಿರುವ ಫೋನಿಗೆ ಹೃದಯ ಬಡಿತವೂ ತಿಳಿಯುವುದಿಲ್ಲ.

ಪ್ರಶ್ನೆ: ಇಂಥ ಆ್ಯಪ್‌ಗೆ ಸ್ಥಳದ ಮಾಹಿತಿ ಬಳಸಲು ಅನುಮತಿ ಕೊಡಬಹುದೇ?

ಉತ್ತರ: ಮಾರ್ಸ್ ಅಂಕಗಳಲ್ಲಿ ಖಾಸಗಿತನಕ್ಕೆಂದೇ ಪ್ರತ್ಯೇಕ ಭಾಗವಿಲ್ಲ, ಆದ್ದರಿಂದ ಇದನ್ನು ನೀವೇ ನೋಡಿಕೊಳ್ಳಬೇಕು. ಓಟ, ಸೈಕಲ್ ಸವಾರಿಗಳನ್ನು ದಾಖಲಿಸುವ 'ಸ್ಟ್ರಾವಾ' ಆ್ಯಪ್ ಪ್ರಕಟಿಸಿದ, ಬಳಕೆದಾರರ ಹಾದಿಗಳ ಜಾಗತಿಕ ನಕ್ಷೆಯಲ್ಲಿ ಸೈನಿಕರ ಓಟದ ಹಾದಿಗಳಿಂದ ಸೇನಾ ನೆಲೆಗಳ ಸುಳಿವು ಸಿಗುತ್ತದೆ ಎಂಬುದು 2018ರ ಜನವರಿಯಲ್ಲಿ ಬೆಳಕಿಗೆ ಬಂದಿತ್ತು. ಹೆಜ್ಜೆ ಎಣಿಸಲು ಫೋನಿನೊಳಗಿನ ಚಲನೆಯ ಸೆನ್ಸರ್ ಸಾಕಾಗುತ್ತದೆ. ಓಡಿದ ಹಾದಿಯ ನಕ್ಷೆ ಬೇಕೆನಿಸಿದರೆ 'ಆ್ಯಪ್ ಬಳಸುವಾಗ ಮಾತ್ರ' ಎಂಬ ಆಯ್ಕೆಯನ್ನು ಒತ್ತಿ, ಮನೆಯ ಸುತ್ತಲಿನ ಭಾಗವನ್ನು ಇತರರಿಗೆ ಕಾಣದಂತೆ ಮರೆಮಾಡುವ ಸೌಲಭ್ಯವಿದ್ದರೆ ಅದನ್ನು ಮೊದಲ ದಿನವೇ ಚಾಲೂ ಮಾಡಿಕೊಳ್ಳಿ.