‘ಆಂತ್ರಪ್ರೆನರ್’ (ಉದ್ಯಮಿ) ಎಂಬ ಪದ ಫ್ರೆಂಚ್‌ನಿಂದ ಬಂದದ್ದೇ?

ಹೌದು, ಅಪ್ಪಟ ಫ್ರೆಂಚ್. ‘ಆಂತ್ರಪ್ರಾಂದ್ರ್’ ಎಂದರೆ ಕೆಲಸವೊಂದನ್ನು ಕೈಗೆತ್ತಿಕೊಳ್ಳುವುದು, ಕೈಗೆತ್ತಿಕೊಂಡವನು ಆಂತ್ರಪ್ರೆನರ್. ಕಟ್ಟಡದ ಗುತ್ತಿಗೆದಾರನಿಗೂ ಇದೇ ಹೆಸರಿತ್ತು.

ಅರ್ಥಶಾಸ್ತ್ರದಲ್ಲಿ ಈ ಪದಕ್ಕೆ ತೂಕ ತಂದವರು ಪ್ಯಾರಿಸ್‌ನಲ್ಲಿ ಬ್ಯಾಂಕ್ ವ್ಯವಹಾರ ನಡೆಸಿದ, ಐರ್ಲೆಂಡ್ ಮೂಲದ ರಿಚರ್ಡ್ ಕ್ಯಾಂಟಿಲನ್. ಅವರು ತೀರಿಕೊಂಡ ಮೇಲೆ, 1755ರಲ್ಲಿ ಅಚ್ಚಾದ ಪುಸ್ತಕದ ಪ್ರಕಾರ, ಗೊತ್ತಿರುವ ಬೆಲೆಗೆ ಕೊಂಡು ಗೊತ್ತಿಲ್ಲದ ಬೆಲೆಗೆ ಮಾರುವವನೇ ಆಂತ್ರಪ್ರೆನರ್. ಬೆಳಗಿನ ಜಾವ ಕೆ.ಆರ್. ಮಾರುಕಟ್ಟೆಯಲ್ಲಿ ಸೇವಂತಿಗೆ ಕೊಂಡು, ಕಟ್ಟಿ, ಮಲ್ಲೇಶ್ವರದಲ್ಲಿ ಮೊಳದ ಲೆಕ್ಕದಲ್ಲಿ ಮಾರುವ ಹೆಂಗಸಿಗೆ ಈ ವ್ಯಾಖ್ಯೆ ಕೋರಮಂಗಲದ ಸ್ಟಾರ್ಟಪ್ ಹುಡುಗರಿಗಿಂತ ಚೆನ್ನಾಗಿ ಒಪ್ಪುತ್ತದೆ: ಹೂವು ಬಾಡಿದರೆ ನಷ್ಟವೆಲ್ಲ ಅವಳದೇ, ಕೈಹಿಡಿಯಲು ಹೂಡಿಕೆದಾರರು ಯಾರೂ ಬರುವುದಿಲ್ಲ. ಅಂದಹಾಗೆ, ಕ್ಯಾಂಟಿಲನ್ ಕೊಟ್ಟ ಆಂತ್ರಪ್ರೆನರ್‌ಗಳ ಪಟ್ಟಿಯಲ್ಲಿ ಭಿಕ್ಷುಕರೂ ಕಳ್ಳರೂ ಇದ್ದಾರೆ!