ಸಿಂಗಾಪುರದ ಯುದ್ಧಕಾಲದ ಬಂಕರ್‌ಗೆ ಅರ್ಧ ದಿನ ಕೊಡಬಹುದೆ?

ಮಗಳ ಮನೆಗೆಂದು ಸಿಂಗಾಪುರಕ್ಕೆ ಹೊರಟಿದ್ದೇವೆ, ಫೋರ್ಟ್ ಕ್ಯಾನಿಂಗ್ ಗುಡ್ಡದಡಿಯ ‘ಬ್ಯಾಟಲ್‌ಬಾಕ್ಸ್’ ಬಂಕರ್‌ಗೆ ಅರ್ಧ ದಿನ ಎತ್ತಿಡಬಹುದೆ ಎಂದು ಕೇಳಿದ್ದೀರಿ. ಖಂಡಿತ ಎತ್ತಿಡಿ. ನಾನು ಸೋಮವಾರಪೇಟೆ ಕಡೆಯವನು. ಸೈನ್ಯದ ಸಂದೇಶ ಸಂಪರ್ಕ ನೋಡಿಕೊಳ್ಳುವ ಸಿಗ್ನಲ್ಸ್‌ನಲ್ಲಿ ಸೇವೆ ಮುಗಿಸಿ ಪೆನ್ಷನ್ ಮೇಲೆ ಊರಿಗೆ ಬಂದವನು. 2019ರಲ್ಲಿ ಅಲ್ಲಿಗೆ ಹೋಗಿದ್ದೆ.

ಬಂಕರ್ ಇರುವುದು ನೆಲದಿಂದ 9 ಮೀಟರ್ ಕೆಳಗೆ. ಒಂದು ಮೀಟರ್ ದಪ್ಪದ ಕಾಂಕ್ರೀಟ್ ಗೋಡೆ, ಸುಮಾರು 30 ಕೋಣೆ. ಬ್ರಿಟಿಷರ ಮಲಯಾ ಕಮಾಂಡಿನ ಮುಖ್ಯಸ್ಥ ಜನರಲ್ ಪರ್ಸಿವಲ್ 1942ರ ಫೆಬ್ರುವರಿ 15ರ ಬೆಳಿಗ್ಗೆ ಅಧಿಕಾರಿಗಳನ್ನು ಕೂರಿಸಿಕೊಂಡು ಜಪಾನೀಯರಿಗೆ ಶರಣಾಗುವ ತೀರ್ಮಾನ ತೆಗೆದುಕೊಂಡಿದ್ದು ಇಲ್ಲೇ. ಸಹಿ ಬಿದ್ದದ್ದು ಅದೇ ಸಂಜೆ, ಬುಕಿಟ್ ತಿಮಾದ ಫೋರ್ಡ್ ಕಾರ್ಖಾನೆಯಲ್ಲಿ. ಯುದ್ಧ ಮುಗಿದ ಮೇಲೆ ಬಂಕರ್ ಬಾಗಿಲು ಮುಚ್ಚಿ ಜನ ಮರೆತೇಬಿಟ್ಟಿದ್ದರು. 1988ರಲ್ಲಿ ಮತ್ತೆ ಪತ್ತೆಯಾಗಿ, ದುರಸ್ತಿಯಾಗಿ, 1997ರಲ್ಲಿ ಮ್ಯೂಸಿಯಂ ಆಯಿತು.

ಬಂದವರೆಲ್ಲ ಆ ಸಭೆಯ ಕೋಣೆಯಲ್ಲೇ ಹೆಚ್ಚು ಹೊತ್ತು ನಿಲ್ಲುತ್ತಾರೆ. ನೀವು ಸಿಗ್ನಲ್ ಕೋಣೆ, ಗುಪ್ತ ಲಿಪಿಯ ಸೈಫರ್ ಕೋಣೆಗಳ ಮುಂದೆಯೂ ನಿಲ್ಲಿ. ನನಗೆ ಅಲ್ಲಿಂದ ಕಾಲು ಕೀಳಲಾಗಲಿಲ್ಲ. ನೆಲದಡಿ ಕೂತ ಜನರಲ್‌ಗೆ ಹೊರಗಿನ ಯುದ್ಧ ಕಣ್ಣಿಗೆ ಕಾಣುವುದಿಲ್ಲ. ತಂತಿಯಲ್ಲಿ ಬಂದದ್ದೇ ಅವನಿಗೆ ಯುದ್ಧ. ಬಾಂಬಿಗೆ ಲೈನ್ ತುಂಡಾದರೆ ಅಷ್ಟು ದೂರದ ಪಟಾಲಂ ಅವನ ನಕ್ಷೆಯಿಂದಲೇ ಮಾಯ. ಆಗ ಒಬ್ಬ ಹುಡುಗ ತಂತಿಯನ್ನು ಬೆರಳಲ್ಲಿ ಸವರುತ್ತಾ ಗುಂಡಿನ ನಡುವೆ ನಡೆಯಬೇಕು, ತುಂಡಾದ ಜಾಗ ಸಿಕ್ಕಾಗ ಹಲ್ಲಿನಲ್ಲಿ ರಬ್ಬರ್ ಸುಲಿದು ಗಂಟು ಹಾಕಬೇಕು. ನಾನು ಈ ಕೆಲಸ ಕಲಿತದ್ದು ಶಾಂತಿಕಾಲದಲ್ಲಿ. ಆದರೂ ಮಳೆಯಲ್ಲಿ ಆ ತಂತಿ ಹಿಡಿದಿರುವಾಗ ಆ ತುದಿಯವನು ಫೀಲ್ಡ್ ಫೋನಿನ ಹಿಡಿ ತಿರುಗಿಸಿದರೆ ಮೊಣಕೈವರೆಗೂ ಶಾಕ್ ಹೊಡೆಯುತ್ತದೆ. ಲೈನ್ ಜೀವಂತ ಇದೆ ಎಂದು ಆ ಶಾಕಿಗೇ ಖುಷಿಪಡುತ್ತಿದ್ದೆವು.

ಪರ್ಸಿವಲ್ ಕೊನೆಗೆ ಜಾವಾದಲ್ಲಿದ್ದ ತನ್ನ ಮೇಲಧಿಕಾರಿ ಜನರಲ್ ವೇವೆಲ್‌ಗೆ ತಂತಿ ಕಳಿಸಿದ: ನೀರು, ಪೆಟ್ರೋಲ್, ಆಹಾರ, ಮದ್ದುಗುಂಡು ಬಹುತೇಕ ಮುಗಿದಿವೆ, ಇನ್ನು ಹೋರಾಡಲಾಗದು, ಎಲ್ಲ ದರ್ಜೆಯವರೂ ಕೈಲಾದಷ್ಟು ಮಾಡಿದ್ದಾರೆ. ಅದನ್ನು ಒಂದೊಂದೇ ಅಕ್ಷರ ಕಳಿಸಿದ ಸಿಗ್ನಲ್‌ಮನ್ ಯಾರೋ. ಭಾರತದ ಕೋರ್ ಆಫ್ ಸಿಗ್ನಲ್ಸ್ ಹುಟ್ಟಿದ್ದೂ ಫೆಬ್ರುವರಿ 15ರಂದೇ, 1911ರಲ್ಲಿ. ಪ್ರತಿವರ್ಷ ಆ ದಿನ ಯೂನಿಟ್ಟಿನಲ್ಲಿ ಎಲ್ಲರೂ ಒಟ್ಟಿಗೆ ಕೂತು ಉಣ್ಣುವ ಬಡಾಖಾನಾ ಉಂಡವನು ನಾನು. ಬಂಕರ್‌ನಲ್ಲಿ ಆ ತಾರೀಖು ನೋಡಿದಾಗ ಗಂಟಲು ಕಟ್ಟಿತು.

ಇನ್ನೊಂದು ಕಾರಣವೂ ಇತ್ತು. ಹಿಂದಿನ ವರ್ಷ, 2018ರ ಆಗಸ್ಟ್‌ನಲ್ಲಿ ನಮ್ಮಲ್ಲಿ ಗುಡ್ಡ ಜಾರಿದಾಗ ಮಕ್ಕಂದೂರು ಕಡೆಯ ನೆಂಟರ ಫೋನ್ ಸಿಗದೆ ಎರಡು ದಿನ ಒದ್ದಾಡಿದ್ದೆವು. ಕರೆಂಟಿಲ್ಲ, ಟವರಿಲ್ಲ, ಇದ್ದಾರೋ ಇಲ್ಲವೋ ಹೇಳುವವರಿಲ್ಲ. ಬದುಕಿದ್ದರು. ಆದರೆ ಆ ಎರಡು ದಿನ ನಾನು ಮರೆತಿಲ್ಲ.

ಬಂಕರ್‌ನಿಂದ ಹೊರಬಂದು ಕಾಲ್ನಡಿಗೆಯಲ್ಲೇ ಹಳೆಯ ಸಿಟಿ ಹಾಲ್‌ಗೆ ಹೋಗಿ. ಈಗ ಅದು ನ್ಯಾಷನಲ್ ಗ್ಯಾಲರಿಯ ಭಾಗ. ಕೊಡಗಿನವರು ಇದನ್ನು ಬಿಡಲೇಬಾರದು. 1945ರ ಸೆಪ್ಟೆಂಬರ್ 12ರಂದು ಜಪಾನೀಯರು ಮೌಂಟ್‌ಬ್ಯಾಟನ್ ಮುಂದೆ ಶರಣಾಗತಿಗೆ ಸಹಿ ಹಾಕಿದ್ದು ಅಲ್ಲಿ. ಆ ಸಭೆಯಲ್ಲಿ ಭಾರತೀಯ ಸೈನ್ಯದ ಪರವಾಗಿ ಕೂತಿದ್ದವರು ನಮ್ಮ ಮಡಿಕೇರಿಯ ತಿಮ್ಮಯ್ಯ, ಮುಂದೆ ಭಾರತೀಯ ಸೇನೆಯ ಮುಖ್ಯಸ್ಥರಾದವರು, ಆಗ ಬ್ರಿಗೇಡಿಯರ್. ಮೂರೂವರೆ ವರ್ಷದ ಹಿಂದೆ ಅದೇ ಊರಿನಲ್ಲಿ 40 ಸಾವಿರಕ್ಕೂ ಹೆಚ್ಚು ಭಾರತೀಯ ಸೈನಿಕರು ಸೆರೆಯಾಗಿದ್ದರು, ಅವರಲ್ಲಿ ಎಷ್ಟೋ ಮಂದಿ ಬ್ರಿಟಿಷರ ವಿರುದ್ಧ ಜಪಾನೀಯರ ಜೊತೆ ನಿಂತ ಐಎನ್‌ಎ (ಆಜಾದ್ ಹಿಂದ್ ಫೌಜ್) ಸೇರಿದ್ದರು. ತಿಮ್ಮಯ್ಯನವರ ಅಣ್ಣನೂ ಐಎನ್‌ಎಯಲ್ಲಿದ್ದವರು. ಒಂದೇ ಮನೆಯ ಇಬ್ಬರು! ಹೊರಡುವ ಮುನ್ನ ಮಡಿಕೇರಿಯ ಸನ್ನಿಸೈಡ್‌ಗೊಮ್ಮೆ ಹೋಗಿ ಬನ್ನಿ. ತಿಮ್ಮಯ್ಯ ಬೆಳೆದ ಆ ಮನೆ 2021ರಿಂದ ಮ್ಯೂಸಿಯಂ ಆಗಿದೆ.

ಬಂಕರ್ ಒಳಗೆ ಮೆಟ್ಟಿಲಿವೆ, ಕೋಣೆಗಳು ಇಕ್ಕಟ್ಟು. ಮಂಡಿನೋವಿದ್ದರೆ ನಿಧಾನ ಇಳಿಯಿರಿ, ತೆರೆಯುವ ಸಮಯ ಮೊದಲೇ ನೋಡಿಕೊಳ್ಳಿ.

ನಾನು ಸಿಟಿ ಹಾಲ್ ಮೆಟ್ಟಿಲ ಮೇಲೆ ಕೂತು ಮನೆಗೆ ಫೋನ್ ಮಾಡಿದೆ. ಸೋಮವಾರಪೇಟೆಯಲ್ಲಿ ಜೋರು ಮಳೆಯಂತೆ. ಮನೆಯವಳು ಮೊದಲ ರಿಂಗಿಗೇ ಎತ್ತಿದಳು.