ಪಟ್ಟಿ ಇದೆ, ಹಾಡು ಕೇಳಿಸಲಿಲ್ಲ

ನಮಸ್ಕಾರ.

ನಿಮ್ಮ ‘ಜಗತ್ತಿನ 10 ಸರ್ವಶ್ರೇಷ್ಠ ಗಾಯಕಿಯರು’ ಲೇಖನ ಓದಿದೆ. ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಯಾಕೆ ಅಂತ ನೇರವಾಗಿಯೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮರಾಯಾ ಕ್ಯಾರಿ ಒಂದು, ವಿಟ್ನಿ ಹ್ಯೂಸ್ಟನ್ ಎರಡು, ಸೆಲೀನ್ ಡಿಯೋನ್ ಮೂರು, ಅರೀಥಾ ಫ್ರಾಂಕ್ಲಿನ್ ನಾಲ್ಕು. ಈ ಕ್ರಮದ ಬಗ್ಗೆ ನನ್ನ ತಕರಾರಿಲ್ಲ (ಇದೆ, ಆದರೆ ಅದು ಬೇರೆ ಮಾತು). ತಕರಾರು ನೀವು ಕೊಟ್ಟ ಕಾರಣಗಳ ಬಗ್ಗೆ. ಕ್ಯಾರಿ ಮೊದಲು ಯಾಕೆ? ದನಿಗೆ ಐದು ಸ್ಥಾಯಿಯ (ಆಕ್ಟೇವ್) ಹರವು. ವಿಟ್ನಿ ಯಾಕೆ? ಪ್ರಶಸ್ತಿ, ಮಾರಾಟ. ಜಾಝ್ ಗಾಯಕಿ ಬಿಲ್ಲಿ ಹಾಲಿಡೇ ಯಾಕಿಲ್ಲ? ‘ರೇಂಜ್ ಕಡಿಮೆ’ ಅಂತ ಒಂದೇ ಸಾಲು.

ಗಂಟಲಿಗೆ ಟೇಪು ಹಿಡಿಯುವುದೇ ಆದರೆ ಪೆರುವಿನ ಈಮಾ ಸುಮಾಕ್ ಎಲ್ಲಿ? 1950ರ ದಶಕದಲ್ಲೇ ನಾಲ್ಕು ಸ್ಥಾಯಿ ದಾಟಿ ಹಾಡಿ ಹೆಸರಾದವರು. ನಿಮ್ಮ ಪಟ್ಟಿಯಲ್ಲಿ ಅವರಿಗೆ ಹತ್ತನೇ ಜಾಗವೂ ಇಲ್ಲ. ಅಂದರೆ ನಿಮ್ಮ ಅಳತೆಯನ್ನು ನೀವೇ ನಂಬಿಲ್ಲ, ಅಲ್ವಾ? ಇನ್ನು ಹಾಲಿಡೇ. ಹೌದು, ಅವರ ದನಿ ಒಂದು ಸ್ಥಾಯಿಗಿಂತ ಸ್ವಲ್ಪ ಜಾಸ್ತಿ ಓಡಾಡುತ್ತಿತ್ತು, ಅಷ್ಟೇ. ಆದರೆ ತಾಳ ಮುಂದೆ ಹೋಗಿಯಾಗಿದ್ದರೂ ಅವರು ಪದವನ್ನು ನಾಲಿಗೆಯ ಮೇಲೆ ಒಂದು ಚೂರು ಹಿಡಿದಿಟ್ಟುಕೊಂಡು, ಅಯ್ಯೋ ತಪ್ಪಿಹೋಯಿತು ಅಂತ ನಮಗೆ ಅನಿಸುವ ಹೊತ್ತಿಗೆ ಏನೂ ಆಗಿಲ್ಲ ಅನ್ನುವ ಹಾಗೆ ಬಂದು ಸೇರಿಕೊಳ್ಳುತ್ತಾರಲ್ಲ, ಅದನ್ನು ಯಾವ ಸ್ಥಾಯಿಯಲ್ಲಿ ಅಳೆಯುತ್ತೀರಿ?

ಕ್ಯಾರಿಗೂ ನೀವು ಅನ್ಯಾಯವೇ ಮಾಡಿದ್ದೀರಿ. ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ನಂಬರ್ ಒನ್ ಆದ ಅವರ 19 ಹಾಡುಗಳಲ್ಲಿ 18ರ ರಚನೆಯಲ್ಲಿ ಅವರದೇ ಕೈ ಇದೆ. ಆ ಮಾತೇ ಇಲ್ಲ. ಬರೀ ಸಿಳ್ಳೆಯಂಥ ಆ ಮೇಲಿನ ಸ್ವರ, ಮೂರು ಪ್ಯಾರಾ.

ಇನ್ನೊಂದು. ‘ತಜ್ಞರೇ ಒಪ್ಪಿದ್ದಾರೆ’ ಅಂತ ಅಮೆರಿಕದ ಸಂಗೀತ ಪತ್ರಿಕೆ ರೋಲಿಂಗ್ ಸ್ಟೋನ್‌ನ 2023ರ ಶ್ರೇಷ್ಠ ಗಾಯಕರ ಪಟ್ಟಿಯನ್ನು ಸಾಕ್ಷಿಗೆ ಕರೆದಿದ್ದೀರಿ. ಕರೆಯುವ ಮುಂಚೆ ಅದನ್ನು ಓದಬೇಕಿತ್ತು. ಅದರಲ್ಲಿ ಮೊದಲ ಸ್ಥಾನ ಅರೀಥಾ ಅವರದು, 2008ರ ಪಟ್ಟಿಯಲ್ಲೂ ಅವರದೇ. ನಿಮ್ಮ ಮೂರನೇ ನಂಬರಿನ ಸೆಲೀನ್ ಆ 200 ಹೆಸರುಗಳಲ್ಲಿ ಎಲ್ಲೂ ಇಲ್ಲ. ಅವರ ಅಭಿಮಾನಿಗಳು ಪತ್ರಿಕೆಯ ನ್ಯೂಯಾರ್ಕಿನ ಕಚೇರಿ ಮುಂದೆ ಹೋಗಿ ಪ್ರತಿಭಟನೆಯನ್ನೇ ಮಾಡಿದ್ದರು! ಲತಾ ಮಂಗೇಶ್ಕರ್ ಅವರನ್ನು 84ನೇ ಜಾಗದಲ್ಲಿ ಕೂರಿಸಿದ ಪಟ್ಟಿಯೂ ಅದೇ. ಸಿನಿಮಾದ ನಾಯಕಿಗೆ ತಕ್ಕ ಹಾಗೆ ನಾಲ್ಕೈದು ನಿಮಿಷದಲ್ಲಿ ಹಾಡಿ ಮುಗಿಸಬೇಕಾದವರನ್ನೂ, ಜನ ಮತ್ತೆ ಮತ್ತೆ ಎಂದು ಕೂಗಿದ ಹಾಗೆಲ್ಲ ಒಂದೇ ಸಾಲನ್ನು ಬೇರೆ ಬೇರೆ ಥರ ತಿರುಗಿಸಿ ಒಂದು ಹಾಡನ್ನು ಗಂಟೆಗಟ್ಟಲೆ ಎಳೆಯುತ್ತಿದ್ದ ಈಜಿಪ್ಟಿನ ಉಮ್ ಕುಲ್ಸುಮ್ ಅವರನ್ನೂ ಒಂದೇ ಸಾಲಿನಲ್ಲಿ ಹೇಗೆ ನಿಲ್ಲಿಸುತ್ತಾರೋ ನನಗಂತೂ ಗೊತ್ತಾಗುವುದಿಲ್ಲ. ಈ ಜಗಳ ನಿಮ್ಮ ಲೇಖನದಲ್ಲಿ ಇರಬೇಕಿತ್ತು.

ಈಗ ನಿಮ್ಮ ಒಂದು ವಾಕ್ಯ ತೆಗೆದುಕೊಳ್ಳೋಣ. ‘ವಿಟ್ನಿಯ ಐ ವಿಲ್ ಆಲ್ವೇಸ್ ಲವ್ ಯು ಕೇಳಿದರೆ ಮೈ ಜುಮ್ಮೆನ್ನುತ್ತದೆ.’ ಸರಿ, ಎಲ್ಲಿ? ಆ ಹಾಡು ನಾಲ್ಕೂವರೆ ನಿಮಿಷ ಇದೆ, ಪೂರ್ತಿ ಜುಮ್ಮೆನ್ನುವುದಿಲ್ಲ. ಅಮೆರಿಕದ ಕಂಟ್ರಿ ಗಾಯಕಿ ಡಾಲಿ ಪಾರ್ಟನ್ ತಾವೇ ಬರೆದು 1974ರಲ್ಲಿ ಬಿಡುಗಡೆ ಮಾಡಿದ ಮೂಲವನ್ನು ಪಕ್ಕದಲ್ಲಿಟ್ಟು ಕೇಳಿ. ‘ನಿನಗೆ ಒಳ್ಳೆಯದಾಗಲಿ’ ಎಂದು ಹಾರೈಸುವ ಕೊನೆಯ ಚರಣವನ್ನು ಡಾಲಿ ಹಾಡುವುದೇ ಇಲ್ಲ, ಬಾಗಿಲಲ್ಲಿ ನಿಂತು ಹೊರಟವರ ಹಾಗೆ ಸುಮ್ನೆ ಮಾತಾಡುತ್ತಾರೆ. 1992ರಲ್ಲಿ ವಿಟ್ನಿ ವಾದ್ಯವೇ ಇಲ್ಲದೆ ಬರೀ ದನಿಯಲ್ಲಿ ಶುರು ಮಾಡಿ, ಅದೇ ಚರಣಕ್ಕೆ ಬಂದಾಗ ಮೆಲ್ಲಗೆ ಹಾಡಿ, ಗಕ್ಕನೆ ನಿಲ್ಲುತ್ತಾರೆ. ಎಲ್ಲ ಖಾಲಿ. ಡ್ರಮ್ ಮೇಲೆ ಒಂದೇ ಏಟು. ಶ್ರುತಿ ಮೇಲೇರಿರುತ್ತದೆ, ಅವರು ಆಗಲೇ ಅಲ್ಲಿರುತ್ತಾರೆ. ನಿಮಗೆ ಜುಮ್ಮೆಂದಿದ್ದು ಆ ಖಾಲಿ ಜಾಗದಲ್ಲೋ, ಏಟು ಬಿದ್ದ ಮೇಲೋ? ಅದನ್ನು ಬರೆಯಿರಿ. ಆಮೇಲೆ ಇಬ್ಬರಲ್ಲಿ ಯಾರು ಮೇಲು ಅಂತ ಹೇಳಿ, ನಾನು ಒಪ್ಪದಿದ್ದರೂ ಓದುತ್ತೇನೆ.

ಇಷ್ಟೆಲ್ಲ ಬರೆದು ಲೇಖನವನ್ನು ವಾಪಸ್ ಕಳಿಸುವವನಿದ್ದೆ. ಆಗ ಜೊತೆಗಿದ್ದ ಪತ್ರ ಓದಿದೆ. ಪಟ್ಟಿ ನೋಡಿ ನಿಮ್ಮ ಅಕ್ಕ ನಕ್ಕರಂತೆ. ಕೆನಡಾದ ಗಾಯಕಿ ಜೋನಿ ಮಿಚೆಲ್ ಅವರ ‘ಬೋತ್ ಸೈಡ್ಸ್ ನೌ’ ಹಾಡನ್ನು ಎರಡು ಸಲ ಕೇಳಿಸಿದರಂತೆ. ಮೊದಲು 1969ರದ್ದು, ಇಪ್ಪತ್ತೈದರ ತೆಳ್ಳನೆಯ ಎತ್ತರದ ದನಿ, ಗಿಟಾರ್. ಆಮೇಲೆ 2000ದ್ದು, ಐವತ್ತು ದಾಟಿದ ದನಿ, ಹಿಂದೆ ದೊಡ್ಡ ವಾದ್ಯವೃಂದ. ಮೇಲಿನ ಸ್ವರಗಳೆಲ್ಲ ಹೋಗಿಬಿಟ್ಟಿವೆ, ದನಿ ಕೆಳಗಿಳಿದು ಒರಟಾಗಿದೆ. ‘ಎರಡನೆಯದು ಮುಗಿಯುವವರೆಗೂ ನಾನು ಮಾತಾಡಲಿಲ್ಲ’ ಅಂತ ಬರೆದಿದ್ದೀರಿ.

ಇದನ್ನು ಯಾಕೆ ಪತ್ರದಲ್ಲಿ ಬಚ್ಚಿಟ್ಟಿರಿ? ಸ್ಥಾಯಿ ಲೆಕ್ಕ ಹಾಕುತ್ತಿದ್ದವರ ಎದುರು ನಿಮ್ಮ ಅಕ್ಕ ಸ್ಥಾಯಿ ಕಳೆದುಕೊಂಡ ದನಿಯನ್ನು ತಂದು ಇಟ್ಟಿದ್ದಾರೆ. ಅಲ್ಲಿಂದ ಶುರು ಮಾಡಿ. ಹತ್ತು ಜನ ಬೇಡ, ಮೂವರು ಸಾಕು. ‘ನಿಸ್ಸಂದೇಹವಾಗಿ’ ಅನ್ನುವ ಪದ ಹನ್ನೊಂದು ಸಲ ಬಂದಿದೆ, ಎಲ್ಲ ತೆಗೆಯಿರಿ. ಸಾವಿರ ಪದ ದಾಟಬೇಡಿ. ಮತ್ತೆ, ಆ ಹಾಡು ಮುಗಿದ ಮೇಲೆ ನೀವು ಅಕ್ಕನಿಗೆ ಏನು ಹೇಳಿದಿರಿ ಅಂತ ಪತ್ರದಲ್ಲಿ ಇಲ್ಲ. ಅದು ನನಗೆ ಬೇಕು.